ಶಾರ್ಲ್ ದೋರ್ಲೆಯಾಂ: ಇಂಗ್ಲಿಷಿನಲ್ಲೂ ಬರೆದ ಫ್ರೆಂಚ್ ಕವಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಯುಗದ ಫ್ರೆಂಚ್ ಕಾವ್ಯ ಓದಲು ಶುರು ಮಾಡಿದವರಿಗೆ ಈ ಹೆಸರು ಬೇಗನೆ ಎದುರಾಗುತ್ತದೆ. ವಸಂತದ ಮೇಲೆ ಒಂದು ಪುಟ್ಟ ಪದ್ಯ, ಪಕ್ಕದಲ್ಲಿ 'ಸೆರೆಯಲ್ಲಿದ್ದ ರಾಜಕುಮಾರ' ಎಂಬ ಒಂದು ಸಾಲು. ಅಲ್ಲಿಗೆ ಪರಿಚಯ ಮುಗಿದುಬಿಡುತ್ತದೆ. ಅಷ್ಟಕ್ಕೇ ಬಿಡುವ ಕವಿ ಇವನಲ್ಲ. ಅದಕ್ಕೇ ಈ ಪುಟ.

ಯಾರಿವನು?

ಶಾರ್ಲ್ ಹುಟ್ಟಿದ್ದು 1394ರ ನವೆಂಬರ್ 24ರಂದು, ಪ್ಯಾರಿಸ್‌ನಲ್ಲಿ. ಫ್ರಾನ್ಸಿನ ರಾಜ ಆರನೇ ಶಾರ್ಲ್‌ನ ತಮ್ಮನ ಮಗ. ತಾಯಿ ವಾಲೆಂಟಿನಾ ವಿಸ್ಕೊಂಟಿ, ಇಟಲಿಯ ಮಿಲಾನಿನ ಮನೆತನದವಳು. 'ದೋರ್ಲೆಯಾಂ' ಅಂದರೆ ಓರ್ಲೆಯಾಂ ಊರಿನವನು. ಆ ಸೀಮೆಗೆ ಅವನು ಡ್ಯೂಕ್.

ಬಾಲ್ಯ ಬೇಗ ಮುಗಿಯಿತು. 1407ರ ನವೆಂಬರ್ 23ರ ರಾತ್ರಿ ಪ್ಯಾರಿಸ್ಸಿನ ಬೀದಿಯಲ್ಲಿ ತಂದೆಯ ಕೊಲೆ. ಮಾಡಿಸಿದವನು ದಾಯಾದಿಯೇ, ಬರ್ಗಂಡಿಯ ಡ್ಯೂಕ್. ಮರುವರ್ಷ ತಾಯಿ ಹೋದಳು. ಅದರ ಮರುವರ್ಷ, 1409ರಲ್ಲಿ, ಹೆಂಡತಿ ಇಸಬೆಲ್ ಹೆರಿಗೆಯಲ್ಲಿ ತೀರಿಕೊಂಡಳು. ಅವನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ. ಕೈಯಲ್ಲಿ ಒಂದು ಹೆಣ್ಣು ಕೂಸು, ಬೆನ್ನಿಗೆ ತಮ್ಮಂದಿರು, ತಲೆಯ ಮೇಲೆ ಇಡೀ ಮನೆತನದ ಹಗೆ.

ಸೆರೆ ಸಿಕ್ಕಿದ್ದು ಹೇಗೆ? ಇಪ್ಪತ್ತೈದು ವರ್ಷ ಯಾಕೆ ಬಿಡಲಿಲ್ಲ?

1415ರ ಅಕ್ಟೋಬರ್ 25, ಅಜಿನ್‌ಕೋರ್ಟ್ ಯುದ್ಧ. ಇಂಗ್ಲೆಂಡಿನ ಐದನೇ ಹೆನ್ರಿಯ ಬಿಲ್ಲಾಳುಗಳ ಮುಂದೆ ಫ್ರೆಂಚ್ ಸೇನೆ ಕೆಸರಿನಲ್ಲಿ ಹೂತು ಸೋತಿತು. ಹೆಣಗಳ ರಾಶಿಯ ಅಡಿಯಿಂದ ಶಾರ್ಲ್‌ನನ್ನು ಜೀವಂತವಾಗಿ ಎಳೆದು ತೆಗೆದರು ಎಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಅವನಿಗಾಗ ಇಪ್ಪತ್ತು ವರ್ಷ.

ದೊಡ್ಡ ಮನೆತನದ ಸೆರೆಯಾಳುಗಳನ್ನು ಹಣ ತೆಗೆದುಕೊಂಡು ಬಿಡುವುದು ಆಗಿನ ವಾಡಿಕೆ. ಇವನ ಕತೆ ಬೇರೆ. ಇವನು ಫ್ರಾನ್ಸಿನ ಸಿಂಹಾಸನಕ್ಕೆ ತೀರಾ ಹತ್ತಿರದವನು. ಬಿಟ್ಟರೆ ಅಪಾಯ, ಇಟ್ಟುಕೊಂಡರೆ ಲಾಭ. 1422ರಲ್ಲಿ ಸಾಯುವಾಗಲೂ ಹೆನ್ರಿ, ತನ್ನ ಎಳೆಗೂಸು ಬೆಳೆದು ದೊಡ್ಡವನಾಗುವ ತನಕ ಇವನನ್ನು ಬಿಡಬೇಡಿ ಎಂದೇ ಹೇಳಿದ್ದ. ಹಾಗಾಗಿ 1440ರ ತನಕ ಕಾಯಬೇಕಾಯಿತು. ಇಪ್ಪತ್ತರಲ್ಲಿ ಹೋದವನು ನಲವತ್ತಾರರ ಹೊಸ್ತಿಲಲ್ಲಿ ಮರಳಿದ.

ಕೊನೆಗೆ ಹಣ ಹೊಂದಿಸಿ ಬಿಡಿಸಿಕೊಂಡು ಬರಲು ಮುಂದೆ ನಿಂತದ್ದು ಯಾರು ಗೊತ್ತಾ? ಬರ್ಗಂಡಿಯ ಡ್ಯೂಕ್ ಫಿಲಿಪ್ ಮತ್ತು ಅವನ ಹೆಂಡತಿ ಇಸಾಬೆಲ್. ತಂದೆಯನ್ನು ಕೊಲ್ಲಿಸಿದವನ ಮಗನೇ ಈ ಫಿಲಿಪ್. ಬಿಡುಗಡೆಯಾದ ಅದೇ ತಿಂಗಳು ಫಿಲಿಪ್‌ನ ಸೋದರ ಸೊಸೆ, ಹದಿನಾಲ್ಕರ ಮಾರಿ ದ ಕ್ಲೆವ್‌ಳ ಜೊತೆ ಮದುವೆಯೂ ಆಯಿತು.

ಕತ್ತಲ ಕೋಣೆಯಲ್ಲಿ ಕೂಡಿಹಾಕಿದ್ದರಾ?

ಇಲ್ಲ. ಇದು ಜನರಲ್ಲಿ ಗಟ್ಟಿಯಾಗಿ ಕೂತಿರುವ ತಪ್ಪು ಕಲ್ಪನೆ. ಅವನನ್ನು ಒಂದು ಕೋಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತಲೇ ಇದ್ದರು: ಲಂಡನ್ ಟವರ್, ವಿಂಡ್ಸರ್, ಪಾಂಟಿಫ್ರ್ಯಾಕ್ಟ್, ಫೊದರಿಂಗೇ, ಬಾಲಿಂಗ್‌ಬ್ರೋಕ್, ಆಂಪ್ಟ್‌ಹಿಲ್, ವಿಂಗ್‌ಫೀಲ್ಡ್. ಸೇವಕರಿದ್ದರು, ಪುಸ್ತಕಗಳಿದ್ದವು, ಊಟಬಟ್ಟೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಒಂದಕ್ಕೇ: ಹೋಗಬೇಕು ಅನ್ನಿಸಿದಾಗ ಎದ್ದು ಹೋಗುವಂತಿರಲಿಲ್ಲ.

1430ರ ದಶಕದಲ್ಲಿ ಕೆಲವು ವರ್ಷ ಅವನ ಕಾವಲು ಸಫೋಕ್‌ನ ಅರ್ಲ್ ವಿಲಿಯಂ ದ ಲಾ ಪೋಲ್‌ನ ಕೈಯಲ್ಲಿತ್ತು. ಈತನಿಗೂ ಕವಿತೆಯ ಹುಚ್ಚು. ಈತನ ಹೆಂಡತಿ ಆಲಿಸ್ ಚಾಸರ್, ಇಂಗ್ಲಿಷ್ ಮಹಾಕವಿ ಜೆಫ್ರಿ ಚಾಸರನ ಮೊಮ್ಮಗಳು. ಅಂದರೆ ಫ್ರೆಂಚ್ ಸೆರೆಯಾಳು ಕವಿ ಇದ್ದದ್ದು ಚಾಸರನ ಮೊಮ್ಮಗಳ ಮನೆಯಲ್ಲಿ. ಅವನ ಇಂಗ್ಲಿಷ್ ಯಾವ ನೀರು ಕುಡಿದು ಬೆಳೆಯಿತು ಎಂದು ಹುಡುಕುವವರು ಇದನ್ನು ಮರೆಯಬಾರದು.

ಲಂಡನ್ ಟವರಿನಲ್ಲಿ ಶಾರ್ಲ್ ಕೂತಿರುವ ಒಂದು ಬಣ್ಣದ ಚಿತ್ರ ಬ್ರಿಟಿಷ್ ಲೈಬ್ರರಿಯ ಒಂದು ಹಸ್ತಪ್ರತಿಯಲ್ಲಿದೆ. ಅವನು ಸತ್ತ ಮೇಲೆ, ಹದಿನೈದನೇ ಶತಮಾನದ ಕೊನೆಯಲ್ಲಿ ಬರೆದದ್ದು. ಒಂದೇ ಚಿತ್ರದಲ್ಲಿ ಅವನು ನಾಲ್ಕಾರು ಕಡೆ ಕಾಣುತ್ತಾನೆ. ಒಂದು ಕಡೆ ಮೇಜಿನ ಮುಂದೆ ಬರೆಯುತ್ತಿದ್ದಾನೆ. ಒಂದು ಕಡೆ ಕಿಟಕಿಯಲ್ಲಿ ಆನಿಕೊಂಡು ಹೊರಗೆ ನೋಡುತ್ತಿದ್ದಾನೆ. ಇನ್ನೊಂದು ಕಡೆ ಕಾಗದ ಕೊಡುತ್ತಿದ್ದಾನೆ, ಕೊನೆಗೆ ಕುದುರೆ ಹತ್ತಿ ಹೊರಟಿದ್ದಾನೆ. ಹಿಂದೆ ಥೇಮ್ಸ್ ನದಿ, ಲಂಡನ್ ಸೇತುವೆ. ನನ್ನ ಕಣ್ಣು ಪ್ರತಿ ಸಲ ಹೋಗುವುದು ಆ ಕಿಟಕಿಗೆ.

ಎಷ್ಟು ಭಾಷೆ ಬರುತ್ತಿತ್ತು?

ಫ್ರೆಂಚ್ ಮನೆಮಾತು. ಲ್ಯಾಟಿನ್ ಚಿಕ್ಕಂದಿನಲ್ಲೇ ಪಾಠವಾಗಿತ್ತು. ಫ್ರೆಂಚ್ ಸಾಲು, ಲ್ಯಾಟಿನ್ ಸಾಲು ಬೆರೆಸಿ ಬರೆದ ರೊಂದೊಗಳೂ (ಶುರುವಿನ ಸಾಲು ಮರಳಿ ಬರುವ ಚಿಕ್ಕ ಪದ್ಯಗಳು) ಅವನವು ಇವೆ. ತಾಯಿಯ ಕಡೆಯಿಂದ ಇಟಾಲಿಯನ್ನಿನ ನಂಟು. ತಾಯಿ ಬಳುವಳಿಯಾಗಿ ತಂದಿದ್ದ ಆಸ್ತಿ ಎಂಬ ಇಟಾಲಿಯನ್ ಪಟ್ಟಣ ಅವನದೇ. ಅಲ್ಲಿನ ಆಂಟೋನಿಯೋ ಆಸ್ತೆಸಾನೋ ಅವನ ಕಾರ್ಯದರ್ಶಿಯಾಗಿ, ಅವನ ಫ್ರೆಂಚ್ ಪದ್ಯಗಳನ್ನು ಲ್ಯಾಟಿನ್ನಿಗೆ ಅನುವಾದ ಮಾಡಿದ. ಎರಡೂ ಭಾಷೆ ಅಕ್ಕಪಕ್ಕ ಇರುವ ಆ ಹಸ್ತಪ್ರತಿ ಗ್ರೆನೋಬಲ್ ನಗರದಲ್ಲಿದೆ.

ಇಂಗ್ಲಿಷ್ ಕಲಿತದ್ದು ಸೆರೆಯಲ್ಲಿ. ಕಾವಲಿನವರ ಮಾತು, ಆತಿಥೇಯರ ಮಾತು, ಕೈಗೆ ಸಿಕ್ಕ ಪುಸ್ತಕ, ಇಷ್ಟೇ ಮೇಷ್ಟ್ರು. ಇಂಗ್ಲಿಷ್ ದೊಡ್ಡವರ ಮನೆಗಳಲ್ಲಿ ಆಗಲೂ ಫ್ರೆಂಚ್ ಚಲಾವಣೆಯಲ್ಲಿತ್ತು. ಹಾಗಾಗಿ ಇಂಗ್ಲಿಷ್ ಕಲಿಯದೆಯೂ ಅವನಿಗೆ ದಿನ ದೂಡಬಹುದಿತ್ತು. ಸುಮ್ನೆ ಕಾಲ ಕಳೆಯಲು ಯಾರೂ ಸಾವಿರಾರು ಸಾಲು ಬರೆಯುವುದಿಲ್ಲ ಅಲ್ವಾ?

ಇಂಗ್ಲಿಷ್ ಪದ್ಯಗಳು ನಿಜಕ್ಕೂ ಅವನವೇನಾ?

ಹೆಚ್ಚಿನ ವಿದ್ವಾಂಸರ ಉತ್ತರ ಈಗ 'ಹೌದು'. ನೂರು ವರ್ಷದ ಹಿಂದೆ ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ.

ಬ್ರಿಟಿಷ್ ಲೈಬ್ರರಿಯಲ್ಲಿ ಹಾರ್ಲಿ 682 ಎಂಬ ಹಸ್ತಪ್ರತಿ ಇದೆ. ಸುಮಾರು ಆರೂವರೆ ಸಾವಿರ ಸಾಲಿನ ಇಂಗ್ಲಿಷ್ ಪದ್ಯ. ನಡುನಡುವೆ ಹಾಳೆಗಳು ಕಳೆದುಹೋಗಿವೆ. ಕವಿ ತನ್ನನ್ನು ತಾನೇ ಓರ್ಲೆಯಾಂನ ಡ್ಯೂಕ್ ಶಾರ್ಲ್ ಎಂದು ಕರೆದುಕೊಳ್ಳುತ್ತಾನೆ. ಬಹಳಷ್ಟು ಪದ್ಯಗಳು ಅವನ ಫ್ರೆಂಚ್ ಪದ್ಯಗಳ ಜೋಡಿ. ಯಾರೋ ಇಂಗ್ಲಿಷ್ ಗೆಳೆಯ ಅನುವಾದಿಸಿರಬೇಕು ಎಂಬ ವಾದ ಇತ್ತು. ಸಫೋಕ್‌ನ ಹೆಸರೂ ಕೇಳಿಬಂದಿತ್ತು.

ಆದರೆ ಅನುವಾದಕ ಅಂದುಕೊಂಡರೆ ಒಂದು ತೊಡಕು. ಫ್ರೆಂಚಿನಲ್ಲಿ ಇಲ್ಲದ್ದು ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಪ್ರಿಯತಮೆ ಸತ್ತ ಮೇಲೆ ಕವಿಗೆ ಬೀಳುವ ಒಂದು ಉದ್ದನೆಯ ಕನಸು, ಅಲ್ಲಿ ಪ್ರೇಮದೇವತೆ ವೀನಸ್ ಜೊತೆ ವಾಗ್ವಾದ, ಚಕ್ರ ತಿರುಗಿಸುವ ಅದೃಷ್ಟದೇವತೆ, ಆಮೇಲೆ ಎರಡನೇ ಪ್ರೇಮ. ಇದು ಫ್ರೆಂಚಿನಲ್ಲಿ ಇಲ್ಲ. ಇಂಗ್ಲಿಷಿನ ವಾಕ್ಯಗಳೂ ಇಂಗ್ಲಿಷರು ಬರೆಯುವಂಥವಲ್ಲ. ಪದಗಳ ಸಾಲು ತಿರುಚಿಕೊಂಡಿದೆ, ಮಾತು ಒತ್ತಿ ತುಂಬಿದಂತಿದೆ. ಬೇರೆ ಭಾಷೆಯಿಂದ ಬಂದವನು ಧೈರ್ಯ ಮಾಡಿ ಬರೆದರೆ ಹೀಗೇ ಇರುತ್ತದೆ.

ಒಂದು ಇಂಗ್ಲಿಷ್ ಪದ್ಯವನ್ನಂತೂ ನೀವು ಓದಲೇಬೇಕು. ಪಾದ್ರಿಯ ಮುಂದೆ ತಪ್ಪೊಪ್ಪಿಗೆ: "ಸ್ವಾಮಿ, ಮೊದಲು ದೇವರಿಗೆ, ಆಮೇಲೆ ನಿಮಗೆ ಹೇಳಿಬಿಡುತ್ತೇನೆ. ಒಂದು ಕಿಟಕಿಯ ಹತ್ತಿರ, ಹೇಗೆ ಗೊತ್ತಾ, ತುಂಬಾ ಸಿಹಿಯಾದ ಒಂದು ಮುತ್ತು ಕದ್ದೆ." ಕದ್ದ ಮಾಲು ವಾಪಸು ಕೊಟ್ಟರೆ ತಾನೇ ಪಾಪ ಕಳೆಯುವುದು? ಹಾಗಾಗಿ ಸಾಧ್ಯವಾದರೆ ಆ ಮುತ್ತನ್ನು ಖಂಡಿತ ವಾಪಸು ಕೊಡುತ್ತೇನೆ ಎಂದು ದೇವರಿಗೆ ಹರಕೆ ಹೊರುತ್ತಾನೆ. ಆ ಶತಮಾನದ ಇಂಗ್ಲಿಷಿನಲ್ಲಿ ಇಷ್ಟು ಹಗುರಾದ, ಇಷ್ಟು ಮುದ್ದಾದ ಪದ್ಯ ಹುಡುಕುವುದು ಕಷ್ಟ.

ಹಾಗಾದರೆ ಅವನು ಫ್ರೆಂಚ್ ಕವಿಯೋ, ಇಂಗ್ಲಿಷ್ ಕವಿಯೋ?

ಉಭಯಕವಿ ಎಂಬ ಮಾತು ಕನ್ನಡದವರಿಗೆ ಹೊಸದಲ್ಲ. ಹಾಗಾಗಿ ಈ ಪ್ರಶ್ನೆ ನಮಗೆ ಅಷ್ಟು ಗೊಂದಲ ಕೊಡಬಾರದು. ಆದರೆ ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಇದು ಬಹಳ ಕಾಲ ತೊಡಕಾಗಿಯೇ ಇತ್ತು. ಫ್ರೆಂಚ್ ಸಾಹಿತ್ಯ ಚರಿತ್ರೆಗಳು ಇಂಗ್ಲಿಷ್ ಪದ್ಯಗಳನ್ನು ಒಂದು ಸಾಲಿನಲ್ಲಿ ಮುಗಿಸಿದವು. ಇಂಗ್ಲಿಷಿನವರಿಗೆ ಅವನು ಬಹುಕಾಲ ಹೊರಗಿನವನು. ಹಾರ್ಲಿ ಹಸ್ತಪ್ರತಿ ಮೊದಲು ಅಚ್ಚಾದದ್ದೇ 1827ರಲ್ಲಿ.

ಶಾರ್ಲ್‌ಗಿಂತ ಸ್ವಲ್ಪ ಮೊದಲು ಇಂಗ್ಲೆಂಡಿನ ಕವಿ ಜಾನ್ ಗೋವರ್ ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್ ಮೂರರಲ್ಲೂ ದೊಡ್ಡ ಕೃತಿ ಬರೆದಿದ್ದ. ಇಂಗ್ಲಿಷ್ ಕವಿ ಫ್ರೆಂಚಿಗೆ ಹೋಗುವುದು ಆಗ ಸಹಜ, ಅದು ಮರ್ಯಾದೆಯ ಭಾಷೆ. ಶಾರ್ಲ್ ಹೋದದ್ದು ಉಲ್ಟಾ ದಿಕ್ಕಿಗೆ. ಫ್ರಾನ್ಸಿನ ರಾಜಮನೆತನದವನು ಸೆರೆಹಿಡಿದವರ ಭಾಷೆಯಲ್ಲಿ ಪ್ರೇಮಕಾವ್ಯ ಬರೆದ.

ನನ್ನ ಮಾತು ಇಷ್ಟು. ಅವನ ಜಾಗ ಫ್ರೆಂಚ್ ಪರಂಪರೆಯ ಒಳಗೇ ಇದೆ, ಅದರಲ್ಲಿ ಅನುಮಾನ ಬೇಡ. ಕವಿ, ಸಂಗೀತಗಾರ ಗಿಯೋಮ್ ದ ಮಾಶೋ ಹದಿನಾಲ್ಕನೇ ಶತಮಾನದಲ್ಲಿ ಗಟ್ಟಿಮಾಡಿದ ಬಲಾದ್, ರೊಂದೊ ರೂಪಗಳನ್ನೇ ಅವನು ಹಿಡಿದ. 'ಗುಲಾಬಿಯ ಕಥನ' ಎಂಬ ಹದಿಮೂರನೇ ಶತಮಾನದ ಫ್ರೆಂಚ್ ಪ್ರೇಮಕಾವ್ಯದ ಕಾಲದಿಂದ ಬಂದ ಪ್ರೇಮದೇವ, ಆಸೆ, ನಿರಾಕರಣೆ ಎಂಬ ಪಾತ್ರಗಳನ್ನೇ ಆಡಿಸಿದ. ಆದರೆ ಇಂಗ್ಲಿಷ್ ಭಾಗವನ್ನು ಕಿತ್ತು ಹಾಕಿ ಅವನ ಫ್ರೆಂಚ್ ಓದಿದರೆ ಅರ್ಧ ಕವಿ ಮಾತ್ರ ಸಿಗುತ್ತಾನೆ. ಇಪ್ಪತ್ತೈದು ವರ್ಷ ಸುತ್ತಲೂ ಬೇರೆ ನುಡಿ ಕೇಳಿದವನಿಗೆ ತನ್ನ ನುಡಿಯ ಒಂದೊಂದು ಚಿಕ್ಕ ಪದವೂ ಕಿವಿಗೆ ಬೇರೆಯಾಗಿ ಬೀಳುತ್ತದೆ. ಊರಿಗೆ ಮರಳಿದ ಮೇಲೆ ಅವನ ಫ್ರೆಂಚ್ ಇನ್ನೂ ಸರಳವಾಯಿತು, ಚಿಕ್ಕದಾಯಿತು, ಮಾತಿಗೆ ಹತ್ತಿರವಾಯಿತು. ಅವನ ಅತ್ಯುತ್ತಮ ರೊಂದೊಗಳು ಆಗಿನವು.

ಬಲಾದ್, ರೊಂದೊ ಅಂದರೆ ಏನು?

ಬಲಾದ್ ಉದ್ದದ್ದು: ಮೂರು ನುಡಿ, ಕೊನೆಗೆ ಒಂದು ಚಿಕ್ಕ ನುಡಿ, ಎಲ್ಲದರ ಕೊನೆಗೂ ಒಂದೇ ಸಾಲು ಪಲ್ಲವಿಯಂತೆ ಬರುತ್ತದೆ. ರೊಂದೊ ಚಿಕ್ಕದು. ಶುರುವಿನ ಸಾಲು ನಡುವೆ ಒಮ್ಮೆ, ಕೊನೆಗೆ ಒಮ್ಮೆ ಮರಳುತ್ತದೆ. ಹೆಸರೇ ಹೇಳುವಂತೆ ಸುತ್ತು. ಶಾರ್ಲ್ ನೂರಕ್ಕೂ ಹೆಚ್ಚು ಬಲಾದ್, ಮುನ್ನೂರಕ್ಕೂ ಹೆಚ್ಚು ರೊಂದೊ ಬರೆದ.

ಮರಳಿ ಬರುವ ಸಾಲು ಬರೀ ಅಲಂಕಾರ ಅಂದುಕೊಳ್ಳಬೇಡಿ. ಅವನ ಒಂದು ರೊಂದೊ ಹತ್ತಿರದಿಂದ ನೋಡೋಣ. ನನ್ನ ಮಟ್ಟಿಗೆ ಅವನು ಬರೆದದ್ದರಲ್ಲೇ ಆಳವಾದದ್ದು ಇದು.

"ನನ್ನ ವಿಷಾದದ ಆಳ ಬಾವಿಯಲ್ಲಿ ಭರವಸೆಯ ನೀರು ಸೇದುತ್ತಲೇ ಇದ್ದೇನೆ" ಎಂದು ಶುರು. ನೆಮ್ಮದಿಯ ಬಾಯಾರಿಕೆ ಅವನನ್ನು ಬಾವಿಗೆ ತರುತ್ತದೆ, ಎಷ್ಟೋ ಸಲ ನೀರು ಬತ್ತಿರುತ್ತದೆ. ಒಂದು ಹೊತ್ತು ತಿಳಿಯಾಗಿರುತ್ತದೆ, ಇನ್ನೊಂದು ಹೊತ್ತು ಕದಡಿರುತ್ತದೆ. ಅದೇ ನೀರಿನಲ್ಲಿ ಶಾಯಿ ಕಲಸಿ ಬರೆಯಲು ಕೂತರೆ ಅದೃಷ್ಟದೇವತೆ ಬಂದು ಕಾಗದ ಹರಿಯುತ್ತಾಳೆ. ಹರಿದದ್ದನ್ನೆಲ್ಲ ಎಸೆಯುತ್ತಾಳೆ. ಎಲ್ಲಿಗೆ? ಆಗ ಮೊದಲ ಸಾಲು ಮರಳುತ್ತದೆ: "ನನ್ನ ವಿಷಾದದ ಆಳ ಬಾವಿಗೆ."

ಕನ್ನಡದಲ್ಲಿ ನಾನು ವಿಭಕ್ತಿ ಬದಲಿಸಬೇಕಾಯಿತು. ಮೊದಲು 'ಬಾವಿಯಲ್ಲಿ', ಕೊನೆಗೆ 'ಬಾವಿಗೆ'. ಹಳೆಯ ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪುಟ್ಟ ಪದ, 'ಊ'. ಒಂದಕ್ಷರವೂ ಬದಲಾಗದೆ ಸಾಲಿನ ಅರ್ಥ ತಿರುಗಿಬಿಡುತ್ತದೆ. ನೀರು ಮೇಲೆ ಬಂದ ಬಾವಿಗೇ ಕವಿತೆ ಕೆಳಗೆ ಬೀಳುತ್ತದೆ. ಚಿಕ್ಕ ಪದಗಳ ಮೇಲೆ ಕಿವಿ ಇಟ್ಟವನು ಅಂದದ್ದು ಇದಕ್ಕೇ.

ಆ ಪ್ರಸಿದ್ಧ ವಸಂತದ ಪದ್ಯ ಸೆರೆಮನೆಯಲ್ಲಿ ಬರೆದದ್ದಾ?

'ಲ ತಾಂ ಅ ಲೆಸ್ಸೆ ಸೋಂ ಮಾಂತೊ', ಅಂದರೆ "ಕಾಲ ತನ್ನ ಮೇಲುಹೊದಿಕೆ ಕಳಚಿದೆ". ಗಾಳಿ, ಚಳಿ, ಮಳೆಯ ಹೊದಿಕೆ ತೆಗೆದಿಟ್ಟು ಬಿಸಿಲಿನ ಕಸೂತಿ ಬಟ್ಟೆ ತೊಟ್ಟಿದೆ. 'ತಾಂ' ಎಂದರೆ ಹೊತ್ತೂ ಹೌದು, ಹವೆಯೂ ಹೌದು. ಮಳೆಗಾಲ, ಚಳಿಗಾಲ ಎನ್ನುವ ನಮಗೆ ಇದು ತಟ್ಟನೆ ಹಿಡಿಸುತ್ತದೆ.

ಸಾಮಾನ್ಯವಾಗಿ ಇದನ್ನು ಬಿಡುಗಡೆಯ ನಂತರದ, ಫ್ರಾನ್ಸಿನ ಬ್ಲ್ವಾ ಕೋಟೆಯಲ್ಲಿ ನೆಲೆಸಿದ್ದ ಕಾಲದ ಪದ್ಯ ಎಂದೇ ಎಣಿಸುತ್ತಾರೆ. ಹಾಗಾಗಿ 'ಕಂಬಿಯ ಹಿಂದಿನಿಂದ ವಸಂತ ನೋಡಿದ' ಎಂಬ ಕತೆ ಬೇಡ.

ಕಸೂತಿಯ ಮಾತು ಬರೀ ಉಪಮೆ ಅಲ್ಲ. 1414ರ ಒಂದು ಲೆಕ್ಕಪತ್ರ ಉಳಿದಿದೆ. ಹತ್ತೊಂಬತ್ತರ ಶಾರ್ಲ್ ತನ್ನ ನಿಲುವಂಗಿಗೆ 960 ಮುತ್ತು ಕೊಳ್ಳಲು ಹಣ ಕೊಡಿಸಿದ್ದಾನೆ. ಅಂಗಿಯ ತೋಳುಗಳ ಮೇಲೆ ಒಂದು ಹಾಡಿನ ಮಾತುಗಳನ್ನು ಕಸೂತಿ ಹಾಕಿದ್ದರು. ಅದರ ಸ್ವರಗಳಿಗೇ 568 ಮುತ್ತು. ಒಟ್ಟು 142 ಸ್ವರ, ಒಂದೊಂದಕ್ಕೆ ಚೌಕವಾಗಿ ನಾಲ್ಕು ಮುತ್ತು. ಹಾಡನ್ನೇ ತೋಳಿನ ಮೇಲೆ ತೊಟ್ಟವನು ಮುಂದೆ ಹೊಳೆ, ಚಿಲುಮೆ, ತೊರೆಗಳಿಗೆ ಬೆಳ್ಳಿ ಹನಿಗಳ ಸಮವಸ್ತ್ರ ತೊಡಿಸಿದ. ಅಕ್ಕಸಾಲಿಗನ ಕೆಲಸ ಕಣ್ಣಾರೆ ಕಂಡವನ ಪದ್ಯ ಇದು.

ನಡುವೆ ಒಂದು ಸಾಲಿದೆ, ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ ಯಾರೂ ನಿಲ್ಲುವುದಿಲ್ಲ. ಹಾಡದ, ಕೂಗದ ಪ್ರಾಣಿ ಇಲ್ಲ, ಹಕ್ಕಿ ಇಲ್ಲ, 'ತನ್ನ ಜಾರ್ಗೋಂ'ನಲ್ಲಿ. ಜಾರ್ಗೋಂ ಅಂದರೆ ಬೇರೆಯವರಿಗೆ ಅರ್ಥವಾಗದ ನುಡಿ. ಒಂದೊಂದು ಹಕ್ಕಿಯೂ ತನ್ನ ನುಡಿಯಲ್ಲಿ ಹಾಡುತ್ತದೆ ಎಂದು ಬರೆದವನು ಬೇರೆ ನುಡಿಯ ನಡುವೆ ಕಾಲು ಶತಮಾನ ಬದುಕಿದ್ದ. ಈ ಪದ್ಯ ನನಗೆ ತೆರೆದುಕೊಂಡದ್ದು ಆ ಪದದಿಂದ.

ಪ್ರಪಂಚದ ಮೊದಲ ವ್ಯಾಲೆಂಟೈನ್ ಪತ್ರ ಬರೆದವನು ಇವನೇನಾ?

ಪ್ರತಿ ಫೆಬ್ರವರಿಯಲ್ಲಿ ಈ ಕತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ: 1415ರಲ್ಲಿ ಟವರಿನಿಂದ ಹೆಂಡತಿಗೆ ಬರೆದ ಪ್ರೇಮಪತ್ರ ಅಂತ. ಪದ್ಯ ನಿಜ, ಕತೆ ನಿಲ್ಲುವುದಿಲ್ಲ. "ನನಗೆ ಈಗಾಗಲೇ ಪ್ರೀತಿ ಸಾಕಾಗಿದೆ, ನನ್ನ ಸಿಹಿ ವ್ಯಾಲೆಂಟೈನ್" ಎಂದು ಅದು ಶುರುವಾಗುತ್ತದೆ. ಮುಂದೆ "ನೀನು ನನಗೆ ತಡವಾಗಿ ಹುಟ್ಟಿದೆ, ನಾನು ನಿನಗೆ ಬೇಗ ಹುಟ್ಟಿದೆ" ಅನ್ನುತ್ತಾನೆ. ಇಪ್ಪತ್ತರ ಹುಡುಗ ಹೀಗೆ ಬರೆಯುತ್ತಾನಾ? ಇದು ವಯಸ್ಸಾದವನ ದನಿ. ಫೆಬ್ರವರಿ 14ರಂದು ಆಸ್ಥಾನದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಜೊತೆಗಾರರನ್ನು ಆರಿಸುವ ಆಟ ಇತ್ತು. ಆ ಆಟದ ಪದ್ಯ ಇದು. ವಯಸ್ಸಿನ ಅಂತರದ ಆ ಎರಡು ಸಾಲು ಸುಳ್ಳು ಕತೆಗಿಂತ ಜಾಸ್ತಿ ಮನಸ್ಸಿಗೆ ತಾಗುತ್ತದೆ.

ಪದ್ಯಗಳ ಹೆಣ್ಣು ಯಾರು?

ಹೆಸರಿಲ್ಲ. ಎರಡನೇ ಹೆಂಡತಿ ಬೊನ್ ಇರಬಹುದು ಎಂದು ಹಲವರು ಊಹಿಸಿದ್ದಾರೆ. ಅವಳು ಫ್ರಾನ್ಸಿನಲ್ಲೇ ಉಳಿದಳು, ಅವನು ಸೆರೆಯಲ್ಲಿರುವಾಗಲೇ ತೀರಿಕೊಂಡಳು. ಆದರೆ ಆಸ್ಥಾನದ ಪ್ರೇಮಕಾವ್ಯದಲ್ಲಿ 'ನನ್ನ ಒಡತಿ' ಎಂದರೆ ಇಂಥವಳೇ ಎಂದು ಬೆರಳು ತೋರಿಸುವುದು ಕಷ್ಟ.

ಒಂದು ಬಲಾದ್‌ನಲ್ಲಿ ಅವನು ಪ್ರೇಮದೇವನ ಮುಂದೆ 'ನಿರಾಕರಣೆ'ಯ ಜೊತೆ ಚದುರಂಗ ಆಡುತ್ತಾನೆ. ಆಟ ಚೆನ್ನಾಗಿ ನಡೆಯುತ್ತಿರುವಾಗ ಅದೃಷ್ಟದೇವತೆ ಎದುರಾಳಿಯ ಕಡೆ ಸೇರಿ ಅವನ 'ದಾಮ್' ಹೊಡೆಯುತ್ತಾಳೆ. ದಾಮ್ ಎಂದರೆ ಚದುರಂಗದ ರಾಣಿ, ದಾಮ್ ಎಂದರೆ ಒಡತಿಯೂ ಹೌದು. ಹೊಸ ದಾಮ್ ಮಾಡಿಕೊಳ್ಳದಿದ್ದರೆ ಸೋತೆ ಎಂಬುದು ಪಲ್ಲವಿ. ಕಾಲಾಳು ಕೊನೆಯ ಮನೆ ಮುಟ್ಟಿದರೆ ರಾಣಿಯಾಗುತ್ತದಲ್ವಾ, ಆ ನಿಯಮದ ಮೇಲೆ ಇಡೀ ಶೋಕ ನಿಂತಿದೆ.

ಜೋನ್ ಆಫ್ ಆರ್ಕ್ ಇವನನ್ನು ಕಂಡಿದ್ದಳಾ?

ಇಲ್ಲ. 1429ರಲ್ಲಿ ಅವಳು ಮುತ್ತಿಗೆಯಿಂದ ಬಿಡಿಸಿದ್ದು ಇವನದೇ ಊರು ಓರ್ಲೆಯಾಂ. ಜೊತೆಗೆ ಕಾದಾಡಿದ ದ್ಯುನ್ವಾ ಇವನ ಮಲತಮ್ಮ. ಇವನು ಆಗ ಸಮುದ್ರದಾಚೆ ಸೆರೆಯಲ್ಲಿದ್ದ. ಅಲ್ಲಿಂದಲೇ, ತನ್ನ ಮನೆತನದ ಬಣ್ಣದ ಉಡುಪೊಂದನ್ನು ಅವಳಿಗೆ ಕೊಡಿಸಿದ್ದ. 1431ರಲ್ಲಿ ಅವಳನ್ನು ಸುಟ್ಟರು. ಇವನು ಬಂದದ್ದು 1440ರಲ್ಲಿ.

ಬ್ಲ್ವಾ ಆಸ್ಥಾನದ ಕವಿಗೋಷ್ಠಿ ಎಂದರೇನು? ವಿಯೋಂ ಅಲ್ಲಿಗೆ ಬಂದಿದ್ದನಾ?

ಬಿಡುಗಡೆಯ ನಂತರ ರಾಜಕೀಯದಲ್ಲಿ ಅವನಿಗೆ ಹೆಚ್ಚೇನೂ ಗಿಟ್ಟಲಿಲ್ಲ. ಇಟಲಿಯಲ್ಲಿ ತಾಯಿಯ ಕಡೆಯ ಹಕ್ಕಿಗಾಗಿ ಓಡಾಡಿದ್ದೂ ಕೈಗೂಡಲಿಲ್ಲ. ಲುವಾರ್ ನದಿಯ ದಂಡೆಯ ಬ್ಲ್ವಾ ಕೋಟೆಯಲ್ಲಿ ನೆಲೆಸಿದ. ಅಲ್ಲಿ ಅತಿಥಿಗಳು, ಸೇವಕರು, ಹೆಂಡತಿ ಮಾರಿ, ವೈದ್ಯರು, ಎಲ್ಲರೂ ಪದ್ಯ ಕಟ್ಟುವವರೇ. ಒಂದು ಸಾಲು ಕೊಡುವುದು, ಎಲ್ಲರೂ ಅದರಿಂದ ಪದ್ಯ ಬೆಳೆಸುವುದು. ನಮ್ಮ ಅವಧಾನದ ಸಮಸ್ಯಾಪೂರ್ತಿ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಅಂಥ ಒಂದು ಸಾಲು: "ಚಿಲುಮೆಯ ಪಕ್ಕದಲ್ಲೇ ಬಾಯಾರಿ ಸಾಯುತ್ತಿದ್ದೇನೆ." ಇದರ ಮೇಲೆ ಸುಮಾರು ಹತ್ತು ಮಂದಿ ಬರೆದ ಬಲಾದ್‌ಗಳು ಶಾರ್ಲ್‌ನ ಸ್ವಂತ ಹಸ್ತಪ್ರತಿಯಲ್ಲಿವೆ. ಅದರಲ್ಲೊಂದು ಫ್ರಾಂಸ್ವಾ ವಿಯೋಂನದು. ವಿಯೋಂ ಪ್ಯಾರಿಸ್ಸಿನ ಬಡ ವಿದ್ಯಾವಂತ, ಕಳ್ಳತನದ ಆರೋಪ ಹೊತ್ತು ಊರೂರು ಅಲೆದವನು. "ಅಳುತ್ತಾ ನಗುತ್ತೇನೆ", "ನನ್ನ ಊರಿನಲ್ಲೇ ದೂರದೇಶದಲ್ಲಿದ್ದೇನೆ", "ಎಲ್ಲರೂ ಬರಮಾಡಿಕೊಂಡರು, ಎಲ್ಲರೂ ಹೊರದಬ್ಬಿದರು" ಎಂದ. ಕೇಳುತ್ತಾ ಕೂತ ಮನೆಯೊಡೆಯನಿಗೆ ದೂರದೇಶ ಅಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. 1457ರಲ್ಲಿ ಶಾರ್ಲ್‌ಗೆ ಮಗಳು ಹುಟ್ಟಿದ ಸಂತೋಷಕ್ಕೆ ವಿಯೋಂ ಬರೆದ ಪದ್ಯವೂ ಅದೇ ಹಸ್ತಪ್ರತಿಯಲ್ಲಿದೆ.

ಈ ಹಸ್ತಪ್ರತಿ ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 25458ನೇ ಸಂಖ್ಯೆಯ ಫ್ರೆಂಚ್ ಹಸ್ತಪ್ರತಿ. ಇಂಗ್ಲೆಂಡಿನಿಂದ ಜೊತೆಗೆ ತಂದದ್ದು. ಚಿಕ್ಕ ಹಾಡುಗಳನ್ನು ಪುಟದ ಕೆಳಗಿನ ಅರ್ಧದಲ್ಲಿ ಬರೆಸಿ ಮೇಲಿನ ಅರ್ಧ ಖಾಲಿ ಬಿಟ್ಟಿದ್ದ, ಬಹುಶಃ ಸ್ವರಲಿಪಿಗೆ. ಸ್ವರ ಬರಲಿಲ್ಲ. ವರ್ಷಗಳ ನಂತರ ಆ ಖಾಲಿ ಜಾಗಗಳಲ್ಲಿ ಹೊಸ ರೊಂದೊಗಳು ಬಂದು ಕೂತವು. ತಿದ್ದಿದ ಅಕ್ಷರಗಳು ಕೆಲವು ಅವನದೇ ಕೈಬರಹ. ಇದರಲ್ಲೂ ಕೆಲವು ಇಂಗ್ಲಿಷ್ ಪದ್ಯಗಳಿವೆ.

ಇಬ್ಬರಲ್ಲಿ ವಿಯೋಂ ದೊಡ್ಡವನಲ್ವಾ?

ಹೋಲಿಕೆ ಹಳೆಯದು. ವಿಯೋಂನಲ್ಲಿ ಬೀದಿ, ಗಲ್ಲುಗಂಬ, ಹೆಂಡದಂಗಡಿ, ಹೆಸರು ಹಿಡಿದು ಬೈಯ್ಯುವ ಧೈರ್ಯ ಎಲ್ಲ ಇದೆ. ಅವನ ಪಕ್ಕದಲ್ಲಿ ಶಾರ್ಲ್ ಮೆತ್ತಗೆ ಕಾಣುತ್ತಾನೆ. 'ಮಧ್ಯಯುಗದ ಕೊನೆಯ ಆಸ್ಥಾನ ಕವಿ', 'ಮೊದಲ ಆಧುನಿಕ ಕವಿ' ಎಂದು ಇಬ್ಬರಿಗೂ ಒಂದೊಂದು ಚೀಟಿ ಅಂಟಿಸಿಬಿಟ್ಟರು. ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಕೂಡ 1876ರಲ್ಲಿ ಬರೆದ ಪ್ರಬಂಧದಲ್ಲಿ ಶಾರ್ಲ್‌ಗೆ ದೊಡ್ಡ ಸ್ಥಾನ ಕೊಡಲಿಲ್ಲ.

ನಾನು ಇದನ್ನು ಒಪ್ಪುವುದಿಲ್ಲ. ಶಾರ್ಲ್ ಮಾಡಿದ ಕೆಲಸ ಬೇರೆ. ಹಳೆಯ ರೂಪಕಗಳ ಪಾತ್ರಗಳನ್ನು ಅವನು ಮನೆಯೊಳಗೆ ತಂದು ಕೂರಿಸಿದ. 'ವಿಷಾದ' ಬಂದು ಬಾಗಿಲು ತಟ್ಟುತ್ತಾಳೆ, ಅವನು ತೆರೆಯಲ್ಲ ಅನ್ನುತ್ತಾನೆ. 'ನೋನ್‌ಶಾಲ್ವಾರ್', ಅಂದರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳದಿರುವುದು, ಅವನ ವೈದ್ಯ. 'ಉದ್ದ ಕಾಯುವಿಕೆಯ ಕಾಡು' ಅವನು ದಾರಿ ತಪ್ಪುವ ಜಾಗ. ಎಂಟು ಹತ್ತು ಸಾಲಿನಲ್ಲಿ ಒಂದು ಮನಸ್ಥಿತಿ ಹಿಡಿಯುವುದು ಆ ಹೊತ್ತಿಗೆ ಫ್ರೆಂಚಿನಲ್ಲಿ ಇಷ್ಟು ಸಲೀಸಾಗಿ ಯಾರಿಗೂ ಬಂದಿರಲಿಲ್ಲ.

ಇಷ್ಟು ದೊಡ್ಡ ಕವಿಯನ್ನು ಫ್ರಾನ್ಸ್ ಮರೆತದ್ದು ಹೇಗೆ?

ಅವನು 1465ರ ಜನವರಿಯ ಮೊದಲ ವಾರ ಆಂಬ್ವಾಸ್‌ನಲ್ಲಿ ತೀರಿಕೊಂಡ. ಮಗ 1498ರಲ್ಲಿ ರಾಜನಾದ. ಆದರೂ ತಂದೆಯ ಪದ್ಯ ಅಚ್ಚಾಗಲಿಲ್ಲ. 1509ರಲ್ಲಿ ಪ್ಯಾರಿಸ್ಸಿನ ಮುದ್ರಕ ವೆರಾರ್ ತಂದ ಒಂದು ಸಂಕಲನದಲ್ಲಿ ಅವನ ಬಹಳಷ್ಟು ಪದ್ಯಗಳಿದ್ದವು. ಅವನ ಹೆಸರು ಮಾತ್ರ ಇರಲಿಲ್ಲ. ವಿಯೋಂನನ್ನು 1533ರಲ್ಲಿ ಕವಿ ಕ್ಲೆಮಾಂ ಮಾರೋ ಸಂಪಾದಿಸಿದ; ಶಾರ್ಲ್‌ಗೆ ಅಂಥವನೊಬ್ಬ ಸಿಗಲಿಲ್ಲ. 1549ರಲ್ಲಿ ಕವಿ ದ್ಯು ಬೆಲ್ಲೇ ಬಂದು ರೊಂದೊ, ಬಲಾದ್‌ಗಳನ್ನೆಲ್ಲ 'ಮಸಾಲೆ ಸಾಮಾನು' ಎಂದು ತಳ್ಳಿಹಾಕಿ, ಗ್ರೀಕ್ ಲ್ಯಾಟಿನ್ ಮಾದರಿ ಹಿಡಿಯಿರಿ ಎಂದ. ರೂಪವೇ ಹಳತಾದ ಮೇಲೆ ಹೆಸರಿಲ್ಲದ ಕವಿಯನ್ನು ಹುಡುಕುವವರು ಯಾರು?

1734ರಲ್ಲಿ ರಾಜಗ್ರಂಥಾಲಯದ ಆಬೇ ಸಾಲ್ಯೇ ಈ ಕವಿಯನ್ನು ವಿದ್ವಾಂಸರ ಗಮನಕ್ಕೆ ತಂದ. ಪುಸ್ತಕವಾಗಿ ಬಂದದ್ದು 1803ರಲ್ಲಿ, ಗ್ರೆನೋಬಲ್ ಪ್ರತಿಯಿಂದ. ಹತ್ತೊಂಬತ್ತನೇ ಶತಮಾನದ ಕವಿ ಬಾನ್‌ವಿಲ್ 1875ರಲ್ಲಿ 'ಶಾರ್ಲ್ ದೋರ್ಲೆಯಾಂನ ಧಾಟಿಯಲ್ಲಿ' ಎಂದೇ ರೊಂದೆಲ್‌ಗಳನ್ನು (ರೊಂದೊದ ಒಂದು ಬಗೆ) ಬರೆದ. ಪ್ಯಾರಿಸ್ ಹಸ್ತಪ್ರತಿ ಕವಿಯ ಸ್ವಂತದ್ದು ಎಂದು ಪಿಯೆರ್ ಶಾಂಪ್ಯೋಂ ತೋರಿಸಿದ್ದು 1907ರಲ್ಲಿ. ನಂತರ 1920ರ ದಶಕದಲ್ಲಿ ಅವರೇ ಎರಡು ಸಂಪುಟ ಸಂಪಾದಿಸಿದರು.

ಹಾಡಿನಲ್ಲಿ ಕೇಳಬಹುದಾ?

ಕೇಳಿ. ಫ್ರೆಂಚ್ ಸಂಗೀತಕಾರ ಡೆಬ್ಯುಸಿ ಅವನ ಮೂರು ಪದ್ಯಗಳನ್ನು ವಾದ್ಯವಿಲ್ಲದ ಮೇಳಗಾಯನಕ್ಕೆ ಹೊಂದಿಸಿದ್ದಾನೆ, ಎರಡು 1898ರಲ್ಲಿ, ಒಂದು 1908ರಲ್ಲಿ. ಹಾಡುವ ಕ್ರಮದಲ್ಲಿ ಕೊನೆಯದು "ಚಳಿಗಾಲ, ನೀನೊಬ್ಬ ಒರಟ" ಎಂದು ಬೈಯ್ಯುವ ಪದ್ಯ. ಹಿಮ, ಗಾಳಿ, ಮಳೆ, ಆಲಿಕಲ್ಲು ತರುವ ನಿನ್ನನ್ನು ಗಡೀಪಾರು ಮಾಡಬೇಕು ಅನ್ನುತ್ತಾನೆ. ಗಡೀಪಾರು ಎಂಬ ಪದ ಬರುವಾಗ ಆ ದನಿಗಳು ಒಂದರ ಮೇಲೊಂದು ಏರುವುದನ್ನು ಗಮನಿಸಿ. ಇನ್ನೊಂದು, 1938ರಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಾಗ ಇನ್ನೊಬ್ಬ ಫ್ರೆಂಚ್ ಸಂಗೀತಕಾರ ಪುಲೆಂಕ್ ರಾಗ ಹಾಕಿದ "ಶಾಂತಿಗಾಗಿ ಪ್ರಾರ್ಥಿಸಿ". ಐನೂರು ವರ್ಷ ಹಿಂದಿನ ಮಾತು ಅಂದಿನ ಪತ್ರಿಕೆಯಷ್ಟೇ ಹೊಸದಾಗಿತ್ತು.

ಎಲ್ಲಿಂದ ಓದಲು ಶುರು ಮಾಡಲಿ?

ವಸಂತದ ಪದ್ಯ ಹೇಗೂ ಎದುರಾಗುತ್ತದೆ. ಬಾವಿಯ ರೊಂದೊ ಓದಿ. ಆಮೇಲೆ ಡೋವರ್ ಬಂದರಿನಲ್ಲಿ ನಿಂತು ಫ್ರಾನ್ಸಿನ ಕಡೆ ನೋಡುವ ಬಲಾದ್: ಆಚೆ ದಡ ಅಷ್ಟು ಹತ್ತಿರ, ಹೋಗುವಂತಿಲ್ಲ.

ವಯಸ್ಸಾದ ಮೇಲೆ ಬರೆದ ಒಂದು ಬಲಾದ್‌ನಲ್ಲಿ ಕನ್ನಡಕ ಬರುತ್ತದೆ. ಸಂತೋಷದ ಪುಸ್ತಕ ಓದಲು ಈಗ ಕನ್ನಡಕ ಹಾಕಿಕೊಳ್ಳುತ್ತೇನೆ, ಅಕ್ಷರ ದೊಡ್ಡದಾಗಿ ಕಾಣುತ್ತದೆ, ಮೊದಲು ಕಾಣುತ್ತಿದ್ದದ್ದು ಮಾತ್ರ ಕಾಣುವುದಿಲ್ಲ ಎನ್ನುತ್ತಾನೆ.

ಮತ್ತೆ ಒಂದು ಇಲಿಯ ಪದ್ಯ. ಸೆರೆಯಲ್ಲಿದ್ದಾಗ ಅವನು ಸತ್ತೇಹೋದ ಎಂದು ಫ್ರಾನ್ಸಿನಲ್ಲಿ ಸುದ್ದಿ ಹಬ್ಬಿತ್ತು. ಅದಕ್ಕೆ ಉತ್ತರವಾಗಿ ಒಂದು ಬಲಾದ್ ಬರೆದ. ಕೆಲವರಿಗೆ ದುಃಖವಾಗಿಲ್ಲವಂತೆ, ಪ್ರೀತಿಸುವವರು ಅತ್ತರಂತೆ, ಎಲ್ಲರಿಗೂ ಗೊತ್ತಿರಲಿ ಎನ್ನುತ್ತಾನೆ. ನುಡಿ ನುಡಿಯ ಕೊನೆಗೆ ಒಂದೇ ಸಾಲು ಮರಳಿ ಬರುತ್ತದೆ: "ಇಲಿ ಇನ್ನೂ ಬದುಕಿದೆ."